ಪ್ಲೇಟಿನ ದನಿಗೆ ಪ್ರಿಆಂಪಿನ ಹೊಣೆ

ಹಳೆಯ ಗ್ರಾಮೊಫೋನ್ ಪ್ಲೇಟುಗಳ ದನಿ ಕಂಬಳಿಯ ಮರೆಯಿಂದ ಬಂದಂತೆ ಮಂಕಾಗಿ ಕೇಳಿಸಿದರೆ, ಅದಕ್ಕೆ ಪ್ಲೇಟಿನ ವಯಸ್ಸೇ ಕಾರಣವೆಂದು ಬಹುಮಂದಿ ತೀರ್ಮಾನಿಸಿಬಿಡುತ್ತಾರೆ. ಸವೆತ, ಗೀರು, ಬೂಷ್ಟುಗಳ ಪಾಲು ಅದರಲ್ಲಿ ಇದ್ದೇ ಇದೆ. ಆದರೆ ಆ ಮಂಕಿನ ದೊಡ್ಡದೊಂದು ಭಾಗ ಪ್ಲೇಟಿನೊಳಗೆ ಇರುವುದಿಲ್ಲ, ಪ್ಲೇಟನ್ನು ತಿರುಗಿಸುವ ಟರ್ನ್‌ಟೇಬಲ್‌ಗೂ ದನಿಯನ್ನು ಹೊರಡಿಸುವ ಆಂಪ್ಲಿಫೈಯರ್‌ಗೂ ನಡುವೆ ಕೂತ ಫೋನೊ ಪ್ರಿಆಂಪ್ಲಿಫೈಯರ್ ಎಂಬ ಚಿಕ್ಕ ಪೆಟ್ಟಿಗೆಯಲ್ಲಿ ಇರುತ್ತದೆ. ಈ ಪೆಟ್ಟಿಗೆಯನ್ನು ಮನೆಯಲ್ಲೇ ಕಟ್ಟಿಕೊಳ್ಳುವುದು ದುಡ್ಡುಳ್ಳವರ ಶೋಕಿಯೂ ಅಲ್ಲ, ದುಡ್ಡುಳಿಸುವ ಉಪಾಯವೂ ಅಲ್ಲ. ಕನ್ನಡದ ಹಳೆಯ ದನಿಗಳನ್ನು ಅವು ಇದ್ದಂತೆ ಕೇಳಿಸಿಕೊಳ್ಳುವ ಹೊಣೆಯನ್ನು ಕೇಳುಗರೇ ಹೊರುವ ದಾರಿ ಅದು. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂತಹ ತಾಲೂಕು ಕೇಂದ್ರಗಳಲ್ಲಿ ಈ ಕೆಲಸಕ್ಕೆ ಬೇಕಾದ ಕೈಚಳಕವೂ ಸಾಮಾನೂ ಈಗಾಗಲೇ ಇವೆ ಎಂಬುದನ್ನೂ, ಸಿದ್ಧ ಪೆಟ್ಟಿಗೆಗಿಂತ ಮನೆಯಲ್ಲಿ ಕಟ್ಟಿದ್ದು ಅಲ್ಲಿ ಹೆಚ್ಚು ಹೊಂದುತ್ತದೆ ಎಂಬುದನ್ನೂ ಕಾರಣಸಹಿತ ತೋರಿಸಬಹುದು.

ಪ್ಲೇಟಿನ ಗೆರೆಯಲ್ಲಿ ಓಡುವ ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಭಾಗಕ್ಕೆ ಕಾರ್ಟ್ರಿಡ್ಜ್ ಎಂದು ಹೆಸರು. ಇಂದು ಹೆಚ್ಚು ಬಳಕೆಯಲ್ಲಿರುವ ಬಗೆಯಲ್ಲಿ ಮುಳ್ಳಿನ ಹಿಂತುದಿಗೆ ಅಂಟಿಸಿದ ಪುಟ್ಟ ಅಯಸ್ಕಾಂತವು ತಂತಿಯ ಸುರುಳಿಗಳ ನಡುವೆ ಅಲುಗಾಡಿ 3ರಿಂದ 5 ಮಿಲಿವೋಲ್ಟ್‌ನಷ್ಟು, ಅಂದರೆ ಒಂದು ವೋಲ್ಟಿನ ಸಾವಿರದ ಕೆಲವೇ ಪಾಲಿನಷ್ಟು ಒತ್ತಡವನ್ನು ಹುಟ್ಟಿಸುತ್ತದೆ. ಸಾಮಾನ್ಯ ಆಂಪ್ಲಿಫೈಯರ್ ಬಯಸುವುದು ಇದರ ನೂರು ಪಟ್ಟು. ಹೀಗೆ ಹಿಗ್ಗಿಸುವುದು ಪ್ರಿಆಂಪಿನ ಮೊದಲ ಕೆಲಸ. ಎರಡನೆಯ ಕೆಲಸ ಕಣ್ಣಿಗೆ ಕಾಣದ್ದು, ಆದರೆ ಇಡೀ ವಾದ ನಿಂತಿರುವುದು ಅದರ ಮೇಲೆಯೇ.

ಧ್ವನಿಯನ್ನು ಪ್ಲೇಟಿನ ಮೇಲೆ ಕೊರೆಯುವಾಗ ತಗ್ಗಿನ ಸ್ವರಗಳು ಮುಳ್ಳನ್ನು ಅಗಲವಾಗಿ ಓಲಾಡಿಸುತ್ತವೆ; ಮೃದಂಗದ ಎಡಗೈ ಪೆಟ್ಟನ್ನು ಇದ್ದ ಹಾಗೆಯೇ ಕೊರೆದರೆ ಒಂದು ಗೆರೆ ಪಕ್ಕದ ಗೆರೆಯನ್ನು ಕತ್ತರಿಸಿಬಿಡುತ್ತದೆ. ಎತ್ತರದ ಸ್ವರಗಳದ್ದು ಇದಕ್ಕೆ ವಿರುದ್ಧವಾದ ಕಷ್ಟ: ಅವುಗಳ ಅಲುಗಾಟ ಎಷ್ಟು ಸಣ್ಣದೆಂದರೆ ಪ್ಲೇಟಿನ ಮೇಲ್ಮೈಯ ಸರಪರ ಸದ್ದು ಅವನ್ನು ನುಂಗಿಹಾಕುತ್ತದೆ. ಆದ್ದರಿಂದ ಕೊರೆಯುವಾಗ ತಗ್ಗಿನ ಸ್ವರಗಳನ್ನು ಕುಗ್ಗಿಸಿ ಎತ್ತರದವನ್ನು ಹಿಗ್ಗಿಸುತ್ತಾರೆ, ನುಡಿಸುವಾಗ ಅದನ್ನು ತಿರುವುಮುರುವಾಗಿಸಿ ಸರಿದೂಗಿಸುತ್ತಾರೆ. ಈ ಸರಿದೂಗಿಸುವಿಕೆಯನ್ನು ಸಮೀಕರಣ ಎನ್ನಬಹುದು. ಯಾವ ಸ್ವರವನ್ನು ಎಷ್ಟು ಕುಗ್ಗಿಸಬೇಕು, ಎಷ್ಟು ಹಿಗ್ಗಿಸಬೇಕು ಎಂಬ ವಿಷಯದಲ್ಲಿ ಮೊದಮೊದಲು ಕಂಪನಿಗೊಂದು ರೀತಿ ಇತ್ತು. ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘವಾದ ಆರ್‌ಐಎಎ 1954ರಲ್ಲಿ ಒಂದು ಸಾಮಾನ್ಯ ವಕ್ರರೇಖೆಯನ್ನು ಗೊತ್ತುಪಡಿಸಿದ ಬಳಿಕ ಲೋಕದ ಬಹುತೇಕ ಕಂಪನಿಗಳು ಕ್ರಮೇಣ ಅದಕ್ಕೇ ಒಗ್ಗಿಕೊಂಡವು. 3180, 318 ಮತ್ತು 75 ಮೈಕ್ರೊಸೆಕೆಂಡುಗಳೆಂಬ ಮೂರು ಕಾಲಸ್ಥಿರಾಂಕಗಳು ಆ ವಕ್ರರೇಖೆಯನ್ನು ಪೂರ್ತಿಯಾಗಿ ಹೇಳಿಬಿಡುತ್ತವೆ. ಕಾಲಸ್ಥಿರಾಂಕವೆಂದರೆ ಒಂದು ರೆಸಿಸ್ಟರಿನ ಬೆಲೆಯನ್ನೂ ಒಂದು ಕೆಪಾಸಿಟರಿನ ಬೆಲೆಯನ್ನೂ ಗುಣಿಸಿದಾಗ ದೊರೆಯುವ ಕಾಲ. ನುಡಿಸುವಾಗ 1 ಕಿಲೋಹರ್ಟ್ಸ್‌ಗೆ ಹೋಲಿಸಿದರೆ 20 ಹರ್ಟ್ಸ್‌ನ ಸ್ವರ 19.3 ಡೆಸಿಬೆಲ್ ಮೇಲೇರಬೇಕು, 20 ಕಿಲೋಹರ್ಟ್ಸ್‌ನದು 19.6 ಡೆಸಿಬೆಲ್ ಕೆಳಗಿಳಿಯಬೇಕು ಎಂಬುದು ಅದರ ಫಲ. ಡೆಸಿಬೆಲ್ ಎಂಬುದು ಅನುಪಾತದ ಅಳತೆ. 20 ಡೆಸಿಬೆಲ್ ಎಂದರೆ ವೋಲ್ಟೇಜಿನಲ್ಲಿ ಹತ್ತು ಪಟ್ಟು, 6 ಎಂದರೆ ಸುಮಾರು ಎರಡು ಪಟ್ಟು.

ಕನ್ನಡದ ಧ್ವನಿಮುದ್ರಣದ ಚರಿತ್ರೆಯ ಬಹುಮುಖ್ಯ ಭಾಗ ಈ 1954ಕ್ಕಿಂತ ಹಿಂದಿನದು. ಭಾರತದಲ್ಲಿ ವಾಣಿಜ್ಯ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ, ಕೋಲ್ಕತ್ತದಲ್ಲಿ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಗಾಯಕಿ ಗೌಹರ್ ಜಾನ್ ಮೊದಲಾದವರ ಹಾಡುಗಳನ್ನು ಕೊರೆಸಿದಾಗ. ಆ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಗಂಗೂಬಾಯಿ ಹಾನಗಲ್ ಅವರು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹಾಡಿದ ತಟ್ಟೆಗಳು, ಮಲ್ಲಿಕಾರ್ಜುನ ಮನಸೂರರ ಮೊದಲ ತಟ್ಟೆಗಳು 1930ರ ದಶಕದವು. ಭಾವಗೀತೆಗೆ ಮನೆಮನೆಯ ದಾರಿ ತೋರಿದ ಪಿ. ಕಾಳಿಂಗರಾಯರ ದನಿಯೂ ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಗಳಲ್ಲೇ ಮೊದಲು ನಾಡಿಗೆ ಹರಡಿತು. ಈ ತಟ್ಟೆಗಳನ್ನು ಕೊರೆದ ಬ್ರಿಟಿಷ್ ಮೂಲದ ಕಂಪನಿಗಳ ಆ ಕಾಲದ ರೂಢಿಯೆಂದರೆ, ಸುಮಾರು 250 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳನ್ನು ಮಾತ್ರ ಕುಗ್ಗಿಸುವುದು, ಎತ್ತರದ ಸ್ವರಗಳನ್ನು ಬಹುಮಟ್ಟಿಗೆ ಇದ್ದಂತೆ ಬಿಡುವುದು. ಇನ್ನು 1925ಕ್ಕಿಂತ ಮುಂಚಿನ ತಟ್ಟೆಗಳಲ್ಲಂತೂ ವಿದ್ಯುತ್ತಿನ ಸೋಂಕೇ ಇಲ್ಲ. ಹಾಡುಗಾರರು ತುತ್ತೂರಿಯೊಂದರೊಳಗೆ ಹಾಡಿದ್ದೇ ನೇರವಾಗಿ ಗೆರೆಯಾಗಿದೆ.

ಇಂತಹ ತಟ್ಟೆಯನ್ನು ಇಂದಿನ ಅಂಗಡಿಯ ಪ್ರಿಆಂಪಿನ ಮೂಲಕ ನುಡಿಸಿದಾಗ ಆಗುವುದೇನು? ಪ್ರಿಆಂಪ್ ತನಗೆ ತಿಳಿದ ಒಂದೇ ವಕ್ರರೇಖೆಯನ್ನು ಅದಕ್ಕೆ ಹೊದಿಸುತ್ತದೆ. ಕೊರೆಯುವಾಗ ಯಾರೂ ಹಿಗ್ಗಿಸದಿದ್ದ ಎತ್ತರದ ಸ್ವರಗಳನ್ನು ಅದು 5 ಕಿಲೋಹರ್ಟ್ಸ್‌ನಲ್ಲಿ ಸುಮಾರು 8 ಡೆಸಿಬೆಲ್ ಕುಗ್ಗಿಸುತ್ತದೆ, ಅಂದರೆ ದನಿಯ ಐದು ಪಾಲಿನಲ್ಲಿ ಎರಡು ಪಾಲನ್ನಷ್ಟೇ ಉಳಿಸುತ್ತದೆ. 100 ಹರ್ಟ್ಸ್‌ನ ಆಸುಪಾಸಿನಲ್ಲಿ ಬೇಕಾದುದಕ್ಕಿಂತ ಸುಮಾರು 5 ಡೆಸಿಬೆಲ್ ಹೆಚ್ಚು ಉಬ್ಬಿಸುತ್ತದೆ. ಸ, ಶ, ಚ ಮೊದಲಾದ ಅಕ್ಷರಗಳ ಅಂಚು ಇರುವುದು 4ರಿಂದ 8 ಕಿಲೋಹರ್ಟ್ಸ್‌ನ ವಲಯದಲ್ಲಿ. ಹಾಗಾಗಿ ವಚನವೋ ರಂಗಗೀತೆಯೋ ದಾಸರ ಪದವೋ ಆದಲ್ಲಿ ರಾಗ ಕೇಳಿಸಿದರೂ ಮಾತು ಮಸುಕಾಗುತ್ತದೆ. ಸಾಹಿತ್ಯಕ್ಕೆ ಪ್ರಾಣ ಕೊಟ್ಟು ಹಾಡಿದ ಗಾಯಕರಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಕೇಳುವವರು ಮಾತ್ರ ‘ಹಳೆಯ ಪ್ಲೇಟು, ಇಷ್ಟೇ’ ಎಂದುಕೊಂಡು ಅದನ್ನು ಮತ್ತೆ ಪೆಟ್ಟಿಗೆಗೆ ಸೇರಿಸುತ್ತಾರೆ.

ಸಿದ್ಧ ಪ್ರಿಆಂಪ್‌ಗಳ ಪರವಾದ ವಾದವನ್ನು ಇಲ್ಲಿ ನ್ಯಾಯವಾಗಿ ಕೇಳಿಸಿಕೊಳ್ಳಬೇಕು. ಅವು ಈಗ ಕಡಿಮೆ ಬೆಲೆಗೆ ಸಿಗುತ್ತವೆ, ಕೆಲವು ಟರ್ನ್‌ಟೇಬಲ್‌ಗಳ ಒಳಗೇ ಇರುತ್ತವೆ, ಮತ್ತು 1960ರ ದಶಕದ ನಂತರದ ಎಲ್‌ಪಿ ತಟ್ಟೆಗಳನ್ನಷ್ಟೇ ಕೇಳುವವರಿಗೆ ಅವುಗಳಲ್ಲಿ ಚೆನ್ನಾದವು ಸಾಕು. ಅಂಥವರು ಬೆಸುಗೆ ಕಡ್ಡಿ ಹಿಡಿಯಬೇಕೆಂದು ಒತ್ತಾಯಿಸುವುದಕ್ಕೆ ಕಾರಣವಿಲ್ಲ. ಆದರೆ ಭಾರತದಲ್ಲಿ 78 ಸುತ್ತಿನ ತಟ್ಟೆಗಳು ಬೇರೆ ದೇಶಗಳಿಗಿಂತ ಹೆಚ್ಚು ಕಾಲ ಉಳಿದವು. ಬೀಟಲ್ಸ್ ತಂಡದ ಹಾಡುಗಳು ಸಹ ಇಲ್ಲಿ 78ರ ತಟ್ಟೆಗಳಾಗಿ 1960ರ ದಶಕದಲ್ಲಿ ಅಚ್ಚಾಗಿದ್ದವು. ವಿದ್ಯುತ್ ಇಲ್ಲದ ಊರಿನಲ್ಲೂ ಕೀಲಿ ಕೊಟ್ಟು ನುಡಿಸಬಹುದಾದ ತಟ್ಟೆ ಅದೊಂದೇ ಆಗಿದ್ದುದರಿಂದ ಹಳ್ಳಿಗಾಡಿನಲ್ಲಿ ಅದರ ಆಯುಸ್ಸು ದೊಡ್ಡದಾಯಿತು. ಸಿದ್ಧ ಪೆಟ್ಟಿಗೆಯ ತಯಾರಕರ ಕಣ್ಣ ಮುಂದೆ ಇರುವ ಗ್ರಾಹಕ ಹೊಸ ವಿನೈಲ್ ತಟ್ಟೆಯನ್ನು ಕೊಳ್ಳುವ ನಗರವಾಸಿ. ಅಜ್ಜನ ಕಾಲದ ಅರಗಿನ ತಟ್ಟೆ ಅವರ ಲೆಕ್ಕದಲ್ಲಿ ಬರುವುದಿಲ್ಲ. ಹಲವು ವಕ್ರರೇಖೆಗಳನ್ನು ಬದಲಿಸಿಕೊಳ್ಳಬಲ್ಲ ಪ್ರಿಆಂಪ್‌ಗಳು ಇವೆಯಾದರೂ ಅವುಗಳ ಬೆಲೆ ಸಾಮಾನ್ಯ ಕುಟುಂಬಕ್ಕೆ ನಿಲುಕುವಂಥದಲ್ಲ.

ಎರಡನೆಯ ಕಾರಣ ವಿದ್ಯುತ್ತಿಗೆ ಸಂಬಂಧಿಸಿದ್ದು, ಮತ್ತು ಈ ನಾಲ್ಕು ತಾಲೂಕುಗಳ ಮಟ್ಟಿಗೆ ಅದು ಮೊದಲನೆಯದಕ್ಕಿಂತ ಕಡಿಮೆ ತೂಕದ್ದಲ್ಲ. ಮನೆಗೆ ಬರುವ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಸಮೀಕರಣದ ನಿಯಮದಂತೆ ಪ್ರಿಆಂಪ್ ತಗ್ಗಿನ ಸ್ವರಗಳನ್ನು ಹೆಚ್ಚು ಹಿಗ್ಗಿಸಬೇಕಾದುದರಿಂದ, 1 ಕಿಲೋಹರ್ಟ್ಸ್‌ನ ಸ್ವರವನ್ನು 100 ಪಟ್ಟು ಹಿಗ್ಗಿಸುವ ಪೆಟ್ಟಿಗೆಯು 50 ಹರ್ಟ್ಸನ್ನು ಸುಮಾರು 700 ಪಟ್ಟು ಹಿಗ್ಗಿಸುತ್ತದೆ. ತಂತಿಯೊಳಗೆ ನುಸುಳಿದ ಕೂದಲೆಳೆಯಷ್ಟು ಗುಂಯ್‌ಗುಡುವಿಕೆಯೂ ಹಾಡಿನ ಮೇಲೆ ಕೂರುವುದು ಈ ಕಾರಣಕ್ಕೆ. ಚನ್ನಗಿರಿಯ ಸುತ್ತಿನ ಅಡಿಕೆ ಸುಲಿಯುವ ಯಂತ್ರಗಳು, ಜಗಳೂರಿನ ಬಯಲಿನಲ್ಲಿ ಕೊಳವೆಬಾವಿಗಳ ಪಂಪ್‌ಸೆಟ್ಟುಗಳು, ಹೊನ್ನಾಳಿ ಮತ್ತು ನ್ಯಾಮತಿಯ ಗದ್ದೆ ತೋಟಗಳ ಮೋಟಾರುಗಳು ಚಾಲೂ ಆಗುವಾಗಲೂ ನಿಲ್ಲುವಾಗಲೂ ಅವುಗಳ ಸ್ಟಾರ್ಟರುಗಳಿಂದ ಹೊರಡುವ ಕಿಡಿ ತಂತಿಯುದ್ದಕ್ಕೂ ಚಿಟಿಲ್ ಎಂಬ ಸದ್ದನ್ನು ಒಯ್ಯುತ್ತದೆ. ವಿದ್ಯುತ್ ಹೋದಾಗ ದುಡಿಯುವ ಅಗ್ಗದ ಇನ್ವರ್ಟರುಗಳ ಚೌಕಾಕಾರದ ಅಲೆಯಲ್ಲಿ 150, 250, 350 ಹರ್ಟ್ಸ್‌ಗಳ ಉಪಸ್ವರಗಳು ತುಂಬಿರುತ್ತವೆ. ಹಳೆಯ ಮನೆಗಳಲ್ಲಿ ಭೂಸಂಪರ್ಕದ ತಂತಿ ಎಷ್ಟೋ ಸಲ ಇರುವುದೇ ಇಲ್ಲ. ಸಿದ್ಧ ಪೆಟ್ಟಿಗೆಯ ಜೊತೆ ಬರುವ ಪುಟ್ಟ ಅಡಾಪ್ಟರ್ ಇಷ್ಟನ್ನೆಲ್ಲ ತಡೆಯಲೆಂದು ರೂಪುಗೊಂಡದ್ದಲ್ಲ.

ಮನೆಯಲ್ಲಿ ಕಟ್ಟುವವರಿಗೆ ಇದರಿಂದ ಪಾರಾಗುವ ದಾರಿ ಸರಳವಾಗಿದೆ: ಬೀದಿಯ ವಿದ್ಯುತ್ತನ್ನು ಪ್ರಿಆಂಪಿನ ಹತ್ತಿರವೇ ಬಿಟ್ಟುಕೊಳ್ಳದಿರುವುದು. ಇಂತಹ ಸರ್ಕಿಟ್ಟಿಗೆ ಹತ್ತು ಮಿಲಿಆಂಪಿಯರ್‌ಗಿಂತ ಕಡಿಮೆ ವಿದ್ಯುತ್ ಸಾಕು. ಬೆಳೆಗೆ ಔಷಧಿ ಸಿಂಪಡಿಸುವ ಬೆನ್ನಿನ ಸ್ಪ್ರೇಯರುಗಳಲ್ಲಿ ಬಳಸುವ 12 ವೋಲ್ಟ್, 8 ಆಂಪಿಯರ್-ಗಂಟೆಯ ಬ್ಯಾಟರಿ ಕೃಷಿ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುವಂಥದು. ಅಂಥ ಎರಡನ್ನು ಸರಣಿಯಾಗಿ ಜೋಡಿಸಿ ನಡುವಿನ ಬಿಂದುವನ್ನು ಶೂನ್ಯವೆಂದು ಇಟ್ಟುಕೊಂಡರೆ, ಧನ 12 ಮತ್ತು ಋಣ 12 ವೋಲ್ಟುಗಳ ನಿಶ್ಶಬ್ದ ವಿದ್ಯುತ್ ನೂರಾರು ಗಂಟೆಗಳ ಕಾಲ ದೊರೆಯುತ್ತದೆ. ಪ್ರತಿ ಬ್ಯಾಟರಿಗೂ ಒಂದೊಂದು ಫ್ಯೂಸ್ ಇರಲೇಬೇಕು, ಏಕೆಂದರೆ ಸೀಸದ ಬ್ಯಾಟರಿಯ ತುದಿಗಳು ಒಂದಕ್ಕೊಂದು ತಾಗಿದರೆ ತಂತಿ ಕೆಂಪಾಗುವಷ್ಟು ವಿದ್ಯುತ್ ಹರಿಯುತ್ತದೆ. ಬೀದಿಯ ವಿದ್ಯುತ್ತಿನ 230 ವೋಲ್ಟಿನ ಭಯವಿಲ್ಲದೆ ಹೊಸಬರು ಕಲಿಯಬಹುದೆಂಬುದು ಈ ವಿಧಾನದ ಇನ್ನೊಂದು ಒಳ್ಳೆಯ ಗುಣ.

ಸರ್ಕಿಟ್ಟಿನ ವಿಚಾರಕ್ಕೆ ಬಂದರೆ, ಅದರ ಹೃದಯ ಆಪ್‌ಆಂಪ್ ಎಂಬ ಎಂಟು ಕಾಲಿನ ಬಿಡಿಭಾಗ: ಎರಡು ಒಳದಾರಿಗಳ ನಡುವಿನ ವ್ಯತ್ಯಾಸವನ್ನು ಲಕ್ಷಾಂತರ ಪಟ್ಟು ಹಿಗ್ಗಿಸಬಲ್ಲ ಸಿದ್ಧ ವರ್ಧಕ. 1970ರ ದಶಕದ ಕೊನೆಯಿಂದ ಬಳಕೆಯಲ್ಲಿರುವ ಎನ್ಇ 5532 ಎಂಬ ಆಪ್‌ಆಂಪಿನಲ್ಲಿ ಎರಡು ವರ್ಧಕಗಳಿರುವುದರಿಂದ ಎಡ, ಬಲ ಎರಡು ವಾಹಿನಿಗಳಿಗೂ ಒಂದೇ ಸಾಕು. ಅದರ ಬೆಲೆ ಇಂದಿಗೂ ಕೆಲವು ಹತ್ತು ರೂಪಾಯಿ. ಕಾರ್ಟ್ರಿಡ್ಜಿನ ತಂತಿ ನೇರವಾಗಿ ಅದರ ಧನ ಒಳದಾರಿಗೆ ಸೇರುತ್ತದೆ, ಆ ಒಳದಾರಿಯಿಂದ ನೆಲಕ್ಕೆ 47 ಕಿಲೋಓಮಿನ ಒಂದು ರೆಸಿಸ್ಟರ್ ಇರುತ್ತದೆ. ಹೊರದಾರಿಯಿಂದ ಋಣ ಒಳದಾರಿಗೆ ದನಿಯ ಒಂದಂಶವನ್ನು ಹಿಂದಿರುಗಿಸುವ ಫೀಡ್‌ಬ್ಯಾಕ್ ಜಾಲದಲ್ಲಿ ಸಮೀಕರಣವೆಲ್ಲ ಅಡಗಿರುತ್ತದೆ. ಈ ಜಾಲದ ಲೆಕ್ಕವನ್ನು ಸ್ಟ್ಯಾನ್ಲಿ ಲಿಪ್‌ಶಿಟ್ಜ್ 1979ರಲ್ಲಿ ಅಮೆರಿಕದ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ವಿವರವಾಗಿ ಬಿಡಿಸಿದರು, ಮತ್ತು ಅದರಲ್ಲಿ ಪಿಯುಸಿ ಗಣಿತಕ್ಕೆ ಮೀರಿದ್ದು ಏನೂ ಇಲ್ಲ. ಒಂದು ರೆಸಿಸ್ಟರಿಗೆ ಸಮಾಂತರವಾಗಿ ಒಂದು ಕೆಪಾಸಿಟರ್. ಅಂಥ ಎರಡು ಜೋಡಿ, ಒಂದರ ಹಿಂದೆ ಒಂದು. ಮೊದಲ ಜೋಡಿಯ ಗುಣಲಬ್ಧ 3180 ಮೈಕ್ರೊಸೆಕೆಂಡು, ಎರಡನೆಯದರದ್ದು 75 ಆಗಬೇಕು. 318 ಎಂಬ ನಡುವಿನ ಕಾಲಸ್ಥಿರಾಂಕ ತಾನಾಗಿ ಒದಗಬೇಕಾದರೆ ಎರಡು ರೆಸಿಸ್ಟರುಗಳ ಅನುಪಾತ 11.78 ಇರಬೇಕು, ಆಗ ಕೆಪಾಸಿಟರುಗಳ ಅನುಪಾತ 3.6 ಆಗುತ್ತದೆ. ಎರಡನೆಯ ಜೋಡಿಗೆ 10 ನ್ಯಾನೊಫ್ಯಾರಡ್ ಆರಿಸಿಕೊಂಡರೆ ಅದರ ರೆಸಿಸ್ಟರ್ 7.5 ಕಿಲೋಓಮ್, ಮೊದಲ ಜೋಡಿಗೆ 36 ನ್ಯಾನೊಫ್ಯಾರಡ್ ಮತ್ತು 88.3 ಕಿಲೋಓಮ್. ಋಣ ಒಳದಾರಿಯಿಂದ ನೆಲಕ್ಕೆ 100 ಓಮಿನ ರೆಸಿಸ್ಟರ್, ಅದರ ಜೊತೆ ಸರಣಿಯಲ್ಲಿ 470 ಮೈಕ್ರೊಫ್ಯಾರಡ್‌ನ ಕೆಪಾಸಿಟರ್ ಇಟ್ಟರೆ 1 ಕಿಲೋಹರ್ಟ್ಸ್‌ನಲ್ಲಿ ಹೆಚ್ಚುಕಡಿಮೆ ನೂರು ಪಟ್ಟು ವರ್ಧನೆ ಸಿಗುತ್ತದೆ.

88.3 ಕಿಲೋಓಮಿನ ರೆಸಿಸ್ಟರ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎಂಬ ಆಕ್ಷೇಪ ಸಹಜ. ಆದರೆ ರೇಡಿಯೊ ರಿಪೇರಿಯವರ ಡಬ್ಬಿಯಲ್ಲಿ ಎಂದಿನಿಂದಲೂ ಇರುವ 82 ಕಿಲೋಓಮ್, 5.6 ಕಿಲೋಓಮ್, 680 ಓಮುಗಳನ್ನು ಸರಣಿಯಾಗಿ ಜೋಡಿಸಿದರೆ 88.28 ಆಗುತ್ತದೆ, 6.8 ಕಿಲೋಓಮಿಗೆ 680 ಓಮ್ ಸೇರಿಸಿದರೆ 7.48, 33 ಮತ್ತು 3.3 ನ್ಯಾನೊಫ್ಯಾರಡುಗಳನ್ನು ಸಮಾಂತರವಾಗಿ ಇಟ್ಟರೆ 36.3. ಮೂರೂ ಕಡೆ ಲೆಕ್ಕದ ತಪ್ಪು ನೂರಕ್ಕೆ ಒಂದಕ್ಕಿಂತ ಕಡಿಮೆ. ಕೆಪಾಸಿಟರುಗಳ ಮೇಲೆ ಬರೆದ ಬೆಲೆಯನ್ನು ಮಾತ್ರ ನಂಬುವಂತಿಲ್ಲ, ಅವು ನೂರಕ್ಕೆ ಐದು, ಹತ್ತರಷ್ಟು ಆಚೀಚೆ ಇರುತ್ತವೆ. ಕೆಪಾಸಿಟರ್ ಅಳೆಯಬಲ್ಲ ಮೀಟರಿನಿಂದ ಅಳೆದು, ಹತ್ತಾರರಲ್ಲಿ ಹೊಂದುವುದನ್ನು ಆರಿಸಿಕೊಂಡರೆ ದೊಡ್ಡ ಕಾರ್ಖಾನೆಯ ನಿಖರತೆಗೆ ಸಮನಾಗಬಹುದು. ಈ ಆಯ್ಕೆಗೆ ತಗಲುವ ತಾಳ್ಮೆಯ ವೇಳೆಯನ್ನು ಕಾರ್ಖಾನೆ ಅಗ್ಗದ ಪೆಟ್ಟಿಗೆಗೆ ಕೊಡಲಾರದು, ಮನೆಯಲ್ಲಿ ಕಟ್ಟುವವರು ಕೊಡಬಲ್ಲರು. ತಟ್ಟೆಯಾಕಾರದ ಅಗ್ಗದ ಸಿರಾಮಿಕ್ ಕೆಪಾಸಿಟರುಗಳ ಬೆಲೆ ಶಾಖಕ್ಕೂ ವೋಲ್ಟೇಜಿಗೂ ಬದಲಾಗುವುದರಿಂದ ಈ ಜಾಲದಲ್ಲಿ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಬಗೆಯವನ್ನೇ ಬಳಸಬೇಕು. ತಾಲೂಕು ಕೇಂದ್ರದಲ್ಲಿ ಸಿಗದ ಒಂದೆರಡು ಸಾಮಾನಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ.

ಈಗ 78ರ ತಟ್ಟೆಯ ಪ್ರಶ್ನೆಗೆ ಹಿಂದಿರುಗಿದರೆ, ಮೇಲಿನ ಜಾಲದಲ್ಲೇ ಅದರ ಉತ್ತರ ಇರುವುದು ತಿಳಿಯುತ್ತದೆ. 10 ನ್ಯಾನೊಫ್ಯಾರಡ್ ಕೆಪಾಸಿಟರನ್ನು ಒಂದು ಸ್ವಿಚ್ಚಿನಿಂದ ಬಿಡಿಸಿ, 7.5 ಕಿಲೋಓಮಿನ ಜಾಗಕ್ಕೆ ಅದೇ ಸ್ವಿಚ್ಚಿನಿಂದ 22 ಕಿಲೋಓಮನ್ನು ತಂದರೆ ಎತ್ತರದ ಸ್ವರಗಳ ಕಡಿತ ಇಲ್ಲವಾಗುತ್ತದೆ, ತಗ್ಗಿನ ಸ್ವರಗಳ ಉಬ್ಬರ 250 ಹರ್ಟ್ಸ್‌ನ ಆಸುಪಾಸಿನಿಂದ ಆರಂಭವಾಗುತ್ತದೆ. ವರ್ಧನೆ ಎರಡು ಪಟ್ಟಿಗಿಂತ ತುಸು ಹೆಚ್ಚುವುದರಿಂದ 100 ಓಮಿನ ಬದಲಿಗೆ 220 ಓಮನ್ನೂ ಜೊತೆಯಲ್ಲೇ ಬದಲಿಸಿಕೊಳ್ಳಬಹುದು. ಎರಡು ರೆಸಿಸ್ಟರು, ಒಂದು ಸ್ವಿಚ್ಚು: ಕಂಪನಿಗಳು ದುಬಾರಿ ಬೆಲೆಗೆ ಮಾರುವ ಸೌಕರ್ಯದ ತಿರುಳು ಇಷ್ಟೇ. 78ರ ತಟ್ಟೆಗಳು ಒಂದೇ ವಾಹಿನಿಯವಾದ್ದರಿಂದ ಎಡ, ಬಲಗಳನ್ನು ಒಂದುಗೂಡಿಸಿದರೆ ಮುಳ್ಳಿನ ಮೇಲುಕೆಳಗಿನ ಅಲುಗಾಟದಿಂದ ಹುಟ್ಟುವ ಸದ್ದು ತನ್ನನ್ನು ತಾನೇ ಅಳಿಸಿಕೊಂಡು ಸರಪರ ಗಣನೀಯವಾಗಿ ಇಳಿಯುತ್ತದೆ. ಇದಕ್ಕೂ ಒಂದು ಸ್ವಿಚ್ಚು ಸಾಕು. ಮುಳ್ಳು ಮಾತ್ರ ಬೇರೆಯೇ ಆಗಬೇಕು: ಎಲ್‌ಪಿಯ ಮುಳ್ಳಿನ ತುದಿ ಸುಮಾರು 18 ಮೈಕ್ರಾನಿನದು, 78ರ ಗೆರೆಗೆ ಬೇಕಾದದ್ದು 65ರಿಂದ 75 ಮೈಕ್ರಾನಿನದು, ಚಿಕ್ಕ ಮುಳ್ಳು ಅಗಲವಾದ ಗೆರೆಯ ತಳದ ಕಸದಲ್ಲಿ ಎಳೆದಾಡುತ್ತದೆಯೇ ಹೊರತು ದನಿ ಇರುವ ಗೋಡೆಗಳನ್ನು ಸರಿಯಾಗಿ ಮುಟ್ಟುವುದಿಲ್ಲ.

ಎಲ್ಲ ಹಳೆಯ ಯಂತ್ರಗಳಿಗೂ ಈ ಪ್ರಿಆಂಪ್ ಬೇಕಿಲ್ಲ ಎಂಬ ಎಚ್ಚರಿಕೆಯೂ ಇಲ್ಲಿ ಸಲ್ಲಬೇಕು. ಒಂದು ಕಾಲಕ್ಕೆ ಮಧ್ಯಮವರ್ಗದ ಮನೆಗಳಲ್ಲಿ ಕಾಣುತ್ತಿದ್ದ ಎಚ್‌ಎಂವಿ ಫಿಯೆಸ್ಟಾದಂತಹ ಪ್ಲೇಯರುಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು ಸಿರಾಮಿಕ್ ಕಾರ್ಟ್ರಿಡ್ಜ್. ಅದು ನೂರಾರು ಮಿಲಿವೋಲ್ಟ್ ಕೊಡುತ್ತದೆ, ತನ್ನ ಗುಣದಿಂದಲೇ ಸಮೀಕರಣವನ್ನು ಬಹುಮಟ್ಟಿಗೆ ಮಾಡಿಕೊಳ್ಳುತ್ತದೆ. ಅದನ್ನು ಫೋನೊ ಪ್ರಿಆಂಪಿಗೆ ಜೋಡಿಸಿದರೆ ದನಿ ಒಡೆದು ವಿಕಾರವಾಗುತ್ತದೆ. ಅದಕ್ಕೆ ಬೇಕಾದದ್ದು ಒಂದು ಮೆಗಾಓಮಿನಷ್ಟು ಪ್ರತಿರೋಧವುಳ್ಳ ಒಳದಾರಿ ಅಷ್ಟೆ. ಕಟ್ಟಲು ತೊಡಗುವ ಮೊದಲು ಕಾರ್ಟ್ರಿಡ್ಜ್ ಯಾವ ಬಗೆಯದೆಂದು ಗುರುತಿಸುವುದು ಆದ್ದರಿಂದ ಅಗತ್ಯ.

ಈ ಕೆಲಸವನ್ನು ಮಾಡುವವರು ಯಾರು ಎಂಬ ಪ್ರಶ್ನೆಗೆ ಉತ್ತರ ದೂರದಲ್ಲಿಲ್ಲ. ಜಾತ್ರೆ, ಮದುವೆಗಳಲ್ಲಿ ಪ್ಲೇಟು ಹಾಕಿ ಊರಿಗೆಲ್ಲ ಹಾಡು ಕೇಳಿಸುತ್ತಿದ್ದ ಮೈಕ್ ಸೆಟ್ಟಿನವರು, ಆಟ ಶುರುವಾಗುವ ಮುನ್ನ ತಟ್ಟೆ ತಿರುಗಿಸುತ್ತಿದ್ದ ಟೂರಿಂಗ್ ಟಾಕೀಸಿನವರು ಮಧ್ಯ ಕರ್ನಾಟಕದ ಉದ್ದಗಲಕ್ಕೂ ಇದ್ದರು, ಮತ್ತು ಆಂಪ್ಲಿಫೈಯರನ್ನು ಬಿಚ್ಚಿ ಸರಿಪಡಿಸುವ ವಿದ್ಯೆ ಅವರ ಕಸುಬಿನ ಭಾಗವೇ ಆಗಿತ್ತು. ಅವರ ಜಾಗದಲ್ಲಿ ಇಂದು ಮೊಬೈಲ್ ರಿಪೇರಿಯ ಅಂಗಡಿಗಳಿವೆ. ಬರಿಗಣ್ಣಿಗೆ ಕಾಣದ ಬಿಡಿಭಾಗವನ್ನು ಸೂಕ್ಷ್ಮದರ್ಶಕದಡಿ ಕಿತ್ತು ಬೆಸೆಯಬಲ್ಲ ಯುವಕರಿಗೆ, ಬೆರಳಲ್ಲಿ ಹಿಡಿಯಬಹುದಾದ ಇಪ್ಪತ್ತು ಮೂವತ್ತು ಬಿಡಿಭಾಗಗಳ ಪ್ರಿಆಂಪ್ ಕಷ್ಟದ ಕೆಲಸವೇ ಅಲ್ಲ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕಾಲೇಜು 1951ರಷ್ಟು ಹಿಂದೆಯೇ ಹುಟ್ಟಿಕೊಂಡಿತು. ಬೆಂಗಳೂರಿನ ಬಿಇಎಲ್ ತಯಾರಿಸಿದ ವಾಲ್ವು, ಟ್ರಾನ್ಸಿಸ್ಟರುಗಳು ಒಂದು ತಲೆಮಾರಿನ ರೇಡಿಯೊ ಕಟ್ಟುವವರನ್ನು ಸಾಕಿದವು. ಕೊರತೆ ಇರುವುದು ಕೈಯಲ್ಲಿ ಅಲ್ಲ, ಇಂತಹ ಸರ್ಕಿಟ್ಟಿನ ಹಿಂದಿನ ಕಾರಣವನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಬರವಣಿಗೆಯಲ್ಲಿ.

ಇನ್ನೊಂದು ಗಟ್ಟಿಯಾದ ಆಕ್ಷೇಪ ಉಳಿದಿದೆ. ಹಳೆಯ ಧ್ವನಿಗಳೆಲ್ಲ ಅಂತರಜಾಲಕ್ಕೆ ಬರುತ್ತಿರುವಾಗ, ಬೆಂಗಳೂರಿನ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್‌ನಂತಹ ಸಂಸ್ಥೆಗಳು ತಟ್ಟೆಗಳನ್ನು ಗಣಕೀಕರಿಸಿ ಉಚಿತವಾಗಿ ಕೇಳಿಸುತ್ತಿರುವಾಗ, ಮನೆಮನೆಯಲ್ಲಿ ಈ ಸಾಹಸ ಏಕೆ? ಅಂತಹ ಸಂಸ್ಥೆಗಳ ಕೆಲಸ ಅಮೂಲ್ಯವಾದದ್ದು. ಆದರೆ ಯಾವ ಸಂಗ್ರಹಾಲಯವಾದರೂ ತನ್ನ ಕೈಸೇರಿದ ತಟ್ಟೆಯನ್ನಷ್ಟೇ ಉಳಿಸಬಲ್ಲದು. ಹೊನ್ನಾಳಿಯ ಅಟ್ಟದ ಮೇಲಿನ ಟ್ರಂಕಿನಲ್ಲೊಂದು ನಾಟಕದ ತಟ್ಟೆ ಇದ್ದರೆ ಅದು ಇದೆಯೆಂಬುದು ಯಾರಾದರೂ ಅದನ್ನು ನುಡಿಸಿ ಕೇಳಿದಾಗಷ್ಟೇ ಲೋಕಕ್ಕೆ ತಿಳಿಯುತ್ತದೆ. ಸಮೀಕರಣವಿಲ್ಲದೆ ಬರಿಯ ವರ್ಧನೆಯಿಂದ ಗಣಕಕ್ಕೆ ಇಳಿಸಿಕೊಂಡು, ವಕ್ರರೇಖೆಯನ್ನು ತಂತ್ರಾಂಶದಲ್ಲಿ ಆಮೇಲೆ ಹೊದಿಸಬಹುದೆಂಬ ವಾದವೂ ಸರಿಯೇ. 78ರ ತಟ್ಟೆಗಳ ಮಟ್ಟಿಗೆ ಅದು ಉತ್ತಮ ಕ್ರಮವೆಂದೇ ಹೇಳಬೇಕು, ಏಕೆಂದರೆ ಮುಂದೆ ಬರುವವರು ತಮ್ಮ ತಿಳುವಳಿಕೆಗೆ ತಕ್ಕಂತೆ ವಕ್ರರೇಖೆಯನ್ನು ಬದಲಿಸಿಕೊಳ್ಳಬಹುದು. ಆದರೆ ಅದಕ್ಕೂ ಬೇಕಾದದ್ದು ಗುಂಯ್‌ಗುಡದ, ಸಮೀಕರಣವನ್ನು ಬಿಡಿಸಿಡಬಲ್ಲ ಪ್ರಿಆಂಪೇ, ಮತ್ತು ಅಂಥದ್ದನ್ನು ಕಟ್ಟುವುದು ಇನ್ನೂ ಸುಲಭ: ಎರಡೂ ಜೋಡಿಗಳ ಬದಲು ಒಂದೇ ರೆಸಿಸ್ಟರ್ ಇಟ್ಟರಾಯಿತು.

ಹೀಗೆ ಗಣಕಕ್ಕೆ ಇಳಿಸಿದ ಪ್ರತಿಯೊಂದು ಧ್ವನಿಯ ಜೊತೆಗೂ ತಟ್ಟೆಯ ಮೇಲಿನ ಸಂಖ್ಯೆ, ಬಳಸಿದ ಮುಳ್ಳಿನ ಅಳತೆ, ಸ್ವಿಚ್ಚು ಯಾವ ಸ್ಥಾನದಲ್ಲಿತ್ತು ಎಂಬ ವಿವರ, ತಿರುಗುವಿಕೆಯ ವೇಗ ಇವನ್ನು ಬರೆದಿಡುವುದು ಕಡ್ಡಾಯವಾಗಬೇಕು. ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಸರ್ಕಿಟ್ಟಿನ ನಕ್ಷೆಯನ್ನೂ, ಅಳೆದು ಆರಿಸಿದ ಕೆಪಾಸಿಟರುಗಳ ನಿಜವಾದ ಬೆಲೆಗಳನ್ನೂ ಕನ್ನಡದಲ್ಲಿ ಬರೆದು ಅಂಟಿಸಬೇಕು. ಆಗ ಇಪ್ಪತ್ತು ವರ್ಷಗಳ ಬಳಿಕ ಅದು ಕೆಟ್ಟರೂ ಜಗಳೂರಿನಲ್ಲೇ ಒಬ್ಬರು ಅದನ್ನು ಬಿಚ್ಚಿ ಸರಿಪಡಿಸಬಲ್ಲರು.